ಕೊಡಗಿನ ಕೆಂಪು ಮಣ್ಣಿಗೆ ಮೊದಲ ಮೆಟಲ್ ಡಿಟೆಕ್ಟರ್: ಕೊಳ್ಳುವ ಮುನ್ನ

ಮೆಟಲ್ ಡಿಟೆಕ್ಟರ್ ತಗೋಬೇಕು ಅಂತ ನನ್ನ ಹತ್ತಿರ ಬರುವವರು ಮೊದಲು ಕೇಳುವುದು, “ಎಷ್ಟು ಅಡಿ ಆಳಕ್ಕೆ ತೋರಿಸುತ್ತೆ ಅಣ್ಣಾ?” ಆಮೇಲೆ ದನಿ ತಗ್ಗಿಸಿ, “ಚಿನ್ನ ಮಾತ್ರ ತೋರಿಸೋದು ಇದೆಯಾ?” ಎರಡಕ್ಕೂ ನಿಜವಾದ ಉತ್ತರ ಹೇಳಿದರೆ ಅರ್ಧ ಜನ ಕಾಫಿ ಕುಡಿದು ಎದ್ದು ಹೋಗುತ್ತಾರೆ. ಇದು ಉಳಿದರ್ಧ ಜನರಿಗೆ.

ನನ್ನದು ಗೋಣಿಕೊಪ್ಪದ ಕಡೆ ಪಂಪ್‌ಸೆಟ್ ಮತ್ತು ಸೋಲಾರ್ ಬೇಲಿ ರಿಪೇರಿ. ತೋಟದಲ್ಲಿ ಮಣ್ಣು ಮುಚ್ಚಿಹೋದ ಸ್ಪ್ರಿಂಕ್ಲರ್ ಪೈಪಿನ ವಾಲ್ವ್ ಹುಡುಕಲು ಡಿಟೆಕ್ಟರ್ ಹಿಡಿದವನು ನಾನು, ಈಗ ಕೆಲಸವಿಲ್ಲದ ದಿನವೂ ಹಿಡಿಯುತ್ತೇನೆ. ಸಿಗುವುದರಲ್ಲಿ ಮುಕ್ಕಾಲು ಪಾಲು ಮೊಳೆ, ಮುಳ್ಳುತಂತಿ, ಬಾಟಲಿ ಮುಚ್ಚಳ. ಮಿಕ್ಕಿದ್ದರಲ್ಲಿ ಹಳೇ ಬೀಗ, ಎತ್ತಿನ ಗೆಜ್ಜೆ, 1940ರ ದಶಕದ ತೂತು ಕಾಸು, ಯಾರೋ ಕಳಕೊಂಡ ಓಲೆ. ಇದಕ್ಕೆ ಖುಷಿಪಡುವ ಸ್ವಭಾವ ಇದ್ದರೆ ಮುಂದೆ ಓದಿ.

ಆಳದ ಲೆಕ್ಕ ಮೊದಲು ಮುಗಿಸೋಣ. ಡಿಟೆಕ್ಟರಿನ ತುದಿಯ ಕಾಯಿಲ್ (ತಂತಿಯ ಸುರುಳಿ) ನೆಲದೊಳಗೆ ಕಾಂತಕ್ಷೇತ್ರ ಬಿಡುತ್ತದೆ. ಅದು ಲೋಹಕ್ಕೆ ತಾಗಿದಾಗ ಲೋಹದಲ್ಲಿ ಪುಟ್ಟ ವಿದ್ಯುತ್ ಸುಳಿ ಹುಟ್ಟುತ್ತದೆ, ಆ ಸುಳಿ ವಾಪಸ್ ಕಳಿಸುವ ಕ್ಷೇತ್ರವನ್ನು ಇನ್ನೊಂದು ಕಾಯಿಲ್ ಹಿಡಿಯುತ್ತದೆ. ಹೋಗುವಾಗಲೂ ಬರುವಾಗಲೂ ಶಕ್ತಿ ಸೋರುವುದರಿಂದ, ಕಾಯಿಲ್‌ನ ಅಗಲಕ್ಕಿಂತ ದೂರದಲ್ಲಿ ಇರುವ ಚಿಕ್ಕ ವಸ್ತುವಿನ ಆಳ ಎರಡು ಪಟ್ಟಾದರೆ ಸಿಗ್ನಲ್ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ದುಬಾರಿ ಯಂತ್ರ ಕೊಟ್ಟರೂ ಒಂದು ರೂಪಾಯಿ ಗಾತ್ರದ ನಾಣ್ಯ ಒಂದಡಿ ದಾಟಿದರೆ ಸಿಗುವುದು ಅಪರೂಪ. ನಮ್ಮ ಮಣ್ಣಿನಲ್ಲಿ 15ರಿಂದ 20 ಸೆಂಟಿಮೀಟರ್ ಸಿಕ್ಕರೆ ಅದೇ ಚೆನ್ನಾಗಿದೆ ಅಂದುಕೊಳ್ಳಿ. ಕಬ್ಬಿಣದ ವಾಲ್ವ್, ಪಾತ್ರೆಯಂಥ ದೊಡ್ಡ ವಸ್ತು ಇನ್ನೂ ಆಳದಲ್ಲಿ ಸಿಗುತ್ತದೆ, ಆ ಮಾತು ಬೇರೆ.

ಇನ್ನು ಚಿನ್ನ. ಯಂತ್ರಕ್ಕೆ ಚಿನ್ನ, ಬೆಳ್ಳಿ ಅಂತ ಹೆಸರು ಗೊತ್ತಿಲ್ಲ. ವಸ್ತು ಎಷ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ, ಎಷ್ಟು ದೊಡ್ಡದು, ಯಾವ ಆಕಾರ ಎನ್ನುವುದನ್ನೆಲ್ಲ ಸೇರಿಸಿ ಒಂದು ನಂಬರ್ ತೋರಿಸುತ್ತದೆ. ಚಿನ್ನದ ಉಂಗುರ, ಮಾತ್ರೆಯ ಅಲ್ಯೂಮಿನಿಯಂ ಪಟ್ಟಿ, ಕ್ವಾರ್ಟರ್ ಬಾಟಲಿಯ ತಿರುಗಣೆ ಮುಚ್ಚಳ ಒಂದೇ ನಂಬರಿನ ಆಸುಪಾಸಿನಲ್ಲಿ ಬರುತ್ತವೆ. ಮುಚ್ಚಳ ಅಗೆಯಲು ಬೇಸರಪಡುವವನಿಗೆ ಉಂಗುರವೂ ಸಿಗುವುದಿಲ್ಲ. ಕೈಯಲ್ಲಿ ಎರಡು ಕಡ್ಡಿ ಹಿಡಿದು ನಿಂತರೆ ಒಂದು ಕಿಲೋಮೀಟರ್ ದೂರದ ಚಿನ್ನದ ಕಡೆಗೆ ತಾನೇ ತಿರುಗುತ್ತದೆ ಎಂದು ಲಕ್ಷಗಟ್ಟಲೆಗೆ ಮಾರುವ “ಲಾಂಗ್ ರೇಂಜ್” ಯಂತ್ರಗಳಿವೆಯಲ್ಲ, ಅವು ಶುದ್ಧ ಮೋಸ. ಆಂಟೆನಾ ಇರಲಿ, ಪರದೆ ಇರಲಿ, ಪೆಟ್ಟಿಗೆ ಎಷ್ಟೇ ಚೆನ್ನಾಗಿರಲಿ.

ಮಣ್ಣು ನೋಡಿ ಯಂತ್ರ

ಯೂಟ್ಯೂಬಿನಲ್ಲಿ ಬಿಳಿಯರು ಹುಲ್ಲುಗಾವಲಲ್ಲಿ ನಡೆಯುತ್ತಾ ಬೆಳ್ಳಿ ನಾಣ್ಯ ಎತ್ತುವುದನ್ನು ನೋಡಿ ಅದೇ ಯಂತ್ರ ತರಿಸಿದರೆ ವಿರಾಜಪೇಟೆ ಕಡೆಯ ಬಾಣೆಯಲ್ಲಿ (ಗದ್ದೆಗೆ ಸೇರಿದ ಎತ್ತರದ ಕಾಡುಜಾಗದಲ್ಲಿ) ಅದು ಬೇರೆಯೇ ರಾಗ ಹಾಡಬಹುದು. ನಮ್ಮ ಮಣ್ಣು ಕೆಂಪಗಿರುವುದೇ ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. ವರ್ಷವರ್ಷವೂ ಸುರಿಯುವ ಮಳೆ ಉಳಿದ ಲವಣಗಳನ್ನು ತೊಳೆದುಕೊಂಡು ಹೋಗಿ ಕಬ್ಬಿಣವನ್ನು ಬಿಟ್ಟುಹೋಗುತ್ತದೆ. ಈ ಮಣ್ಣೇ ಡಿಟೆಕ್ಟರಿಗೆ ಒಂದು ದೊಡ್ಡ ಮಂಕು ಸಿಗ್ನಲ್. ಅದನ್ನು ಕಳೆದು ಉಳಿದದ್ದನ್ನು ಮಾತ್ರ ಕೇಳಿಸುವ ವ್ಯವಸ್ಥೆಗೆ ಗ್ರೌಂಡ್ ಬ್ಯಾಲೆನ್ಸ್ ಎನ್ನುತ್ತಾರೆ. ಕೊಡಗಿನಲ್ಲಿ ಕೊಳ್ಳುವವರು ಡಬ್ಬದ ಮೇಲೆ ಮೊದಲು ಹುಡುಕಬೇಕಾದ ಪದ ಅದು.

ಅಗ್ಗದ ಯಂತ್ರಗಳಲ್ಲಿ ಗ್ರೌಂಡ್ ಬ್ಯಾಲೆನ್ಸ್ ಕಾರ್ಖಾನೆಯಲ್ಲೇ ಒಂದು ಕಡೆ ನಿಲ್ಲಿಸಿ ಕಳಿಸಿರುತ್ತಾರೆ. ಹೆಸರುವಾಸಿಯಾದ ಗ್ಯಾರೆಟ್ ಏಸ್ 250 ಕೂಡ ಹಾಗೆಯೇ: 6.5 ಕಿಲೋಹರ್ಟ್ಸ್ ಫ್ರೀಕ್ವೆನ್ಸಿ (ಕಾಯಿಲ್‌ನ ಕ್ಷೇತ್ರ ಮಿಡಿಯುವ ವೇಗ, ಅದರ ಮಾತು ಮುಂದೆ ಬರುತ್ತದೆ), ಬಳಸುವುದು ಸುಲಭ, ಆದರೆ ಮಣ್ಣಿಗೆ ಹೊಂದಿಸುವ ಗುಂಡಿ ಇಲ್ಲ. ಗದ್ದೆಯಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಜಂಬಿಟ್ಟಿಗೆ ಕಲ್ಲಿನ ತುಣುಕು ಹರಡಿದ ಏರಿನಲ್ಲಿ ಸೆನ್ಸಿಟಿವಿಟಿಯನ್ನು (ಎಷ್ಟು ಸಣ್ಣ ಸಿಗ್ನಲ್ಲಿಗೆ ಯಂತ್ರ ಕೂಗಬೇಕು ಎನ್ನುವುದನ್ನು) ಇಳಿಸುತ್ತಾ ಹೋಗಬೇಕಾಗುತ್ತದೆ, ಇಳಿಸಿದಷ್ಟೂ ಆಳ ಹೋಗುತ್ತದೆ. ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್ 12 ಕಿಲೋಹರ್ಟ್ಸಿನದು, ಅದರಲ್ಲಿ ಗ್ರೌಂಡ್ ಬ್ಯಾಲೆನ್ಸ್ ನಾವೇ ಮಾಡಬಹುದು. ಗುಂಡಿ ಒತ್ತಿ ಹಿಡಿದು, ಲೋಹವಿಲ್ಲದ ಜಾಗದಲ್ಲಿ ಕಾಯಿಲನ್ನು ಒಂದು ಗೇಣು ಎತ್ತರದಿಂದ ನೆಲದ ಹತ್ತಿರಕ್ಕೆ ಇಳಿಸಿ ಎತ್ತಿ, ಇಳಿಸಿ ಎತ್ತಿ, ಸದ್ದು ಸಮವಾಗುವವರೆಗೆ ಮಾಡಿದರೆ ಆಯಿತು. ಮೈನ್‌ಲ್ಯಾಬ್ ವ್ಯಾಂಕ್ವಿಶ್ ಸಾಲಿನವು ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿ ಬಳಸುತ್ತವೆ, ಮಣ್ಣಿಗೆ ತಾವೇ ಹೊಂದಿಕೊಳ್ಳುತ್ತವೆ. ಗುಂಡಿ ಒತ್ತುವ ತಾಳ್ಮೆ ಇಲ್ಲದವರಿಗೆ ನಾನು ಹೇಳುವುದು ಅದನ್ನೇ. ನನಗೆ ಕೇಳಿದರೆ ಮೊದಲ ಯಂತ್ರಕ್ಕೆ ಈ ಎರಡು ಬಗೆಗಿಂತ ಮೇಲೆ ಹೋಗುವ ಅಗತ್ಯವಿಲ್ಲ, ಕೆಳಗೆ ಹೋದರೆ ಬಾಣೆಯಲ್ಲಿ ಕಷ್ಟ.

ಪಲ್ಸ್ ಇಂಡಕ್ಷನ್ ಎನ್ನುವ ಇನ್ನೊಂದು ಜಾತಿ ಇದೆ. ಕಬ್ಬಿಣದ ಮಣ್ಣನ್ನು ಅದು ಅಷ್ಟಾಗಿ ಲೆಕ್ಕಕ್ಕೆ ಇಡುವುದಿಲ್ಲ, ಆಳವೂ ಹೆಚ್ಚು. ಹಾಗೆಂದು ಆಸೆಪಡಬೇಡಿ. ಮೊಳೆ ಯಾವುದು ನಾಣ್ಯ ಯಾವುದು ಎಂದು ಅದು ನಂಬುವ ಹಾಗೆ ಬೇರ್ಪಡಿಸುವುದಿಲ್ಲ. ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಹಿಂದಿನ ಜಾಗದಲ್ಲಿ ಇಂಥದ್ದನ್ನು ಹಿಡಿದರೆ ಸಂಜೆಯವರೆಗೆ ಮೊಳೆ ಹೆಕ್ಕಬೇಕು.

ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ಅಂಗಡಿಯವರು ಒಪ್ಪದಿದ್ದರೆ ಯಂತ್ರ ಇರುವ ಪರಿಚಯದವರ ಹತ್ತಿರ ಮಾಡಿ. ನಿಮ್ಮ ತೋಟದ ಮಣ್ಣನ್ನೇ ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ತುಂಬಿಕೊಂಡು ಹೋಗಿ. ಟಬ್ಬಿಗೆ ಕಬ್ಬಿಣದ ಹಿಡಿ ಇರಬಾರದು. ಅದನ್ನು ಮರದ ಸ್ಟೂಲಿನ ಮೇಲಿಟ್ಟು ಬರೀ ಮಣ್ಣಿನ ಮೇಲೆ ಕಾಯಿಲ್ ಆಡಿಸಿ. ಹತ್ತಿರ ತಂದಾಗಲೆಲ್ಲ ಯಂತ್ರ ಕೂಗಿದರೆ, ಗ್ರೌಂಡ್ ಬ್ಯಾಲೆನ್ಸ್ ಮಾಡಿ ಮತ್ತೆ ಆಡಿಸಿ. ಆಗಲೂ ಕೂಗುತ್ತಿದ್ದರೆ ಅದು ನಿಮ್ಮ ತೋಟದ ಯಂತ್ರವಲ್ಲ. ಸುಮ್ಮನಾಯಿತೋ, ಟಬ್ಬಿನ ಅಡಿಗೆ ಒಂದು ಹಿತ್ತಾಳೆಯ ಐದು ರೂಪಾಯಿ ಬಿಲ್ಲೆ ಇಟ್ಟು ಸದ್ದು ಕೇಳಿ. ಮಾರುವವರು ಗಾಳಿಯಲ್ಲಿ ನಾಣ್ಯ ಹಿಡಿದು ತೋರಿಸುವ ಆಳಕ್ಕೂ ಮಣ್ಣಿನಡಿಯ ಆಳಕ್ಕೂ ಎಷ್ಟು ಅಂತರ ಅನ್ನುವುದು ಅಲ್ಲೇ ಕಿವಿಗೆ ಬೀಳುತ್ತದೆ.

ಆನ್‌ಲೈನಿನಲ್ಲಿ ಎಂಡಿ 4030ರಂಥ ಹೆಸರಿನ ಅಗ್ಗದವು ಸಿಗುತ್ತವೆ. ಮಕ್ಕಳಿಗೆ ಆಟಕ್ಕೆ, ಅಂಗಳದಲ್ಲಿ ಬಿದ್ದ ಬೀಗದ ಕೈ ಹುಡುಕಲು ಅಡ್ಡಿಯಿಲ್ಲ. ಹವ್ಯಾಸ ಹಿಡಿಯುತ್ತದೋ ಇಲ್ಲವೋ ನೋಡೋಣ ಎಂದು ಇದರಿಂದ ಶುರುಮಾಡಿದವರು ಹೆಚ್ಚಾಗಿ ಹವ್ಯಾಸವನ್ನೇ ಬಿಡುತ್ತಾರೆ, ಯಾಕೆಂದರೆ ಕೆಂಪು ಮಣ್ಣಿನಲ್ಲಿ ಅದು ಸುಮ್ಮನಿರುವುದೇ ಇಲ್ಲ.

ಕಾಯಿಲ್ ಮತ್ತು ಫ್ರೀಕ್ವೆನ್ಸಿ

ಕಾಯಿಲ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಕಾನ್ಸೆಂಟ್ರಿಕ್ ಎಂದರೆ ಒಂದು ಸುತ್ತಿನೊಳಗೆ ಇನ್ನೊಂದು ಸುತ್ತು. ಡಬಲ್ ಡಿ ಎಂದರೆ ಎರಡು ಸುತ್ತುಗಳು ಬೆನ್ನಿಗೆ ಬೆನ್ನು ತಾಗಿಸಿ ನಡುವೆ ಸ್ವಲ್ಪ ಒಂದರ ಮೇಲೊಂದು ಬರುವಂತೆ ಇರುವುದು. ಎರಡನೆಯದು ಮಣ್ಣನ್ನು ಕಡಿಮೆ ನೋಡುತ್ತದೆ, ನಮಗೆ ಬೇಕಾದ್ದು ಅದೇ. ಸಿಂಪ್ಲೆಕ್ಸ್ ಪ್ಲಸ್, ವ್ಯಾಂಕ್ವಿಶ್ ಎರಡರಲ್ಲೂ ಡಬಲ್ ಡಿ ಬರುತ್ತದೆ, ಏಸ್ 250ರಲ್ಲಿ ಕಾನ್ಸೆಂಟ್ರಿಕ್. ಗಾತ್ರ ದೊಡ್ಡದಾದಷ್ಟೂ ಒಳ್ಳೆಯದು ಅನ್ನುವವರ ಮಾತು ಕೇಳಬೇಡಿ. ದೊಡ್ಡ ಕಾಯಿಲ್ ದೊಡ್ಡ ಮಣ್ಣನ್ನೂ ನೋಡುತ್ತದೆ, ಕಾಫಿ ಗಿಡಗಳ ನಡುವೆ ತಿರುಗಿಸಲು ಜಾಗವೂ ಸಾಲದು. 10 ಇಂಚಿನ ಆಚೀಚೆ ಸಾಕು.

ಕಡಿಮೆ ಫ್ರೀಕ್ವೆನ್ಸಿ ಬೆಳ್ಳಿ, ತಾಮ್ರಕ್ಕೆ ಒಳ್ಳೆಯದು. ಹೆಚ್ಚಿನದು ಸಣ್ಣ ಚಿನ್ನಕ್ಕೆ ಒಳ್ಳೆಯದು, ಆದರೆ ಮಣ್ಣಿನ ಗಲಾಟೆಯೂ ಹೆಚ್ಚು. ನಮ್ಮಲ್ಲಿ ಕಳೆದುಹೋಗುವ ಒಡವೆಗಳನ್ನೇ ತೆಗೆದುಕೊಳ್ಳಿ. ಕೊಕ್ಕೆತಾತಿಯಂಥ ಅಗಲವಾದ ಪದಕ ಯಾವ ಯಂತ್ರಕ್ಕಾದರೂ ಸಿಗುತ್ತದೆ. ಜೋಮಾಲೆ ನೋಡಲು ದೊಡ್ಡದು, ಆದರೆ ಯಂತ್ರ ಅದನ್ನು ಒಂದು ಮಾಲೆಯಾಗಿ ನೋಡದೆ ಬಿಡಿಬಿಡಿ ಗುಂಡುಗಳಾಗಿ ನೋಡುತ್ತದೆ. ತೆಳು ಸರವೂ ಅಷ್ಟೇ, ಕೊಂಡಿ ಕೊಂಡಿಯಾಗಿ ಕಾಣುವುದರಿಂದ ಪದಕವಿಲ್ಲದ ಸರ ಹುಡುಕುವುದು ಪಳಗಿದವರಿಗೂ ತಲೆನೋವು.

ಕಾಫಿ ಒಣಹಾಕುವ ಕಣದಲ್ಲಿ ಪಕ್ಕದ ಮನೆ ಅಕ್ಕನ ಓಲೆ ಬಿದ್ದಿತ್ತು. ಸಿಮೆಂಟ್ ಕಣ, ಅಡಿಯಲ್ಲಿ ಸರಳು. ಯಂತ್ರ ಇಟ್ಟ ಕಡೆಯೆಲ್ಲ ಕೂಗು. ಅಂಥ ಜಾಗದಲ್ಲಿ ಯಂತ್ರವನ್ನು ವಸ್ತುವಿನ ಹತ್ತಿರ ಒಯ್ಯಬಾರದು, ವಸ್ತುವನ್ನು ಯಂತ್ರದ ಹತ್ತಿರ ತರಬೇಕು. ಅಂಗಳದ ಆಚೆ ಮಣ್ಣಿನಲ್ಲಿ ಮರದ ಬೆಂಚು ಹಾಕಿ ಅದರ ಮೇಲೆ ಡಿಟೆಕ್ಟರನ್ನು ಕಾಯಿಲ್ ಮೇಲ್ಮುಖವಾಗಿ ಮಲಗಿಸಿದೆವು. ರೋಬಸ್ಟಾ ಹಣ್ಣನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ತುಂಬಿ, ಬಕೆಟಿನ ಕಬ್ಬಿಣದ ಹಿಡಿ ಕಳಚಿ, ಒಂದೊಂದಾಗಿ ಕಾಯಿಲ್ ಮೇಲಿಂದ ದಾಟಿಸಿದೆವು. “ಬಳೆ ತೆಗೆದು ಬನ್ನಿ ಅಕ್ಕಾ” ಅಂತ ಎರಡು ಸಲ ಹೇಳಬೇಕಾಯಿತು, ಯಾಕೆಂದರೆ ಪ್ರತಿ ಬಕೆಟಿಗೂ ಯಂತ್ರ ಕೂಗುತ್ತಿದ್ದುದು ಅವರ ಕೈಯ ಬಳೆಗೆ. ಬಳೆ ತೆಗೆದ ಮೇಲೆ ಒಂದು ಬಕೆಟ್ ಚಿಕ್ಕದಾಗಿ, ಒಂದೇ ಸಮನೆ ಕೂಗಿತು. ಬಕೆಟನ್ನು ಎಡಬಲ ತಿರುಗಿಸಿದರೂ ನಂಬರ್ ಕದಲಲಿಲ್ಲ. ಅಂಥ ಕದಲದ ಸದ್ದನ್ನು ಗುರುತಿಸಲು ಕಿವಿ ಕಲಿತರೆ ಅರ್ಧ ವಿದ್ಯೆ ಬಂದಂತೆ.

ನಮ್ಮ ನಾಣ್ಯ, ನಮ್ಮ ಕಸ

ಕೈಪಿಡಿಯಲ್ಲಿ ಬರೆದ ನಂಬರ್ ಪಟ್ಟಿ ಅಮೆರಿಕದ ನಾಣ್ಯಗಳದ್ದು. ನಮ್ಮಲ್ಲಿ 1988ರಿಂದ ಸ್ಟೇನ್‌ಲೆಸ್ ಸ್ಟೀಲಿನ ಚಿಲ್ಲರೆ ಬಂತು, 1992ರಿಂದ ಒಂದು ರೂಪಾಯಿಯೂ ಸ್ಟೀಲಾಯಿತು. ಇವು ಅಯಸ್ಕಾಂತಕ್ಕೆ ಅಂಟುವ ಜಾತಿಯವು. ಕಬ್ಬಿಣ ಬೇಡ ಎಂದು ಡಿಸ್ಕ್ರಿಮಿನೇಷನ್ ಏರಿಸಿಟ್ಟರೆ ಯಂತ್ರ ಇವನ್ನೂ ಕಸವೆಂದು ದಾಟಿಸಬಹುದು, ಇಲ್ಲವೇ ನಂಬರ್ ಕೆಳಗಿಂದ ಮೇಲಕ್ಕೆ ನೆಗೆದಾಡಬಹುದು. ಹಳೆಯ ತಾಮ್ರದ ಕಾಲಾಣೆ, ಬೆಳ್ಳಿ ರೂಪಾಯಿ ಹಾಗಲ್ಲ, ಮೇಲಿನ ನಂಬರಿನಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ. ಯಂತ್ರ ಮನೆಗೆ ಬಂದ ದಿನ ಅಜ್ಜಿಯ ಡಬ್ಬದಿಂದ ಪಾವಲಿ, ಅಲ್ಯೂಮಿನಿಯಂ ಹತ್ತು ಪೈಸೆ, ಹಳೇ ದೊಡ್ಡ ರೂಪಾಯಿ, ಹೊಸ ರೂಪಾಯಿ ಎಲ್ಲ ತೆಗೆದು ಒಂದೊಂದರ ನಂಬರ್ ಬರೆದಿಡಿ. ಉಂಗುರ, ಓಲೆ, ಬಾಟಲಿ ಮುಚ್ಚಳದ್ದೂ ಬರೆಯಿರಿ. ಆ ಚೀಟಿ ಕೈಪಿಡಿಗಿಂತ ಉಪಯೋಗ.

ಕೊಡಗಿಗೇ ವಿಶೇಷವಾದ ಇನ್ನೊಂದು ಕಸ ಕಾಡತೂಸು. ಮನೆಮನೆಯಲ್ಲಿ ಕೋವಿ ಇರುವ ನಾಡಿದು. ಪ್ಲಾಸ್ಟಿಕ್, ಕಾಗದದ ಭಾಗ ಕೊಳೆತುಹೋದರೂ ಹಿತ್ತಾಳೆಯ ತಳ ಉಳಿಯುತ್ತದೆ, ಥೇಟ್ ನಾಣ್ಯದ ಸದ್ದು ಕೊಡುತ್ತದೆ. ಬಳಸಿದ ಖಾಲಿ ತಳವಾದರೆ ತೊಂದರೆಯಿಲ್ಲ. ಸಿಡಿಯದೆ ಉಳಿದ ಇಡೀ ಕಾಡತೂಸು ಸಿಕ್ಕರೆ ಕತ್ತಿಯ ಮೊನೆಯಿಂದ ಕೆದಕಬೇಡಿ, ಜೇಬಿಗೆ ಹಾಕಬೇಡಿ. ಜಾಗದವರಿಗೆ ತೋರಿಸಿ, ಪೊಲೀಸರಿಗೆ ತಿಳಿಸಿ.

ಸೋಲಾರ್ ಬೇಲಿಯ ವಿಷಯ ನನ್ನ ಕಸುಬಿನದು, ಹಾಗಾಗಿ ಹೇಳಲೇಬೇಕು. ಆನೆ ತಡೆಯಲು ಹಾಕಿದ ಬೇಲಿಯಲ್ಲಿ ಹೆಚ್ಚುಕಮ್ಮಿ ಸೆಕೆಂಡಿಗೊಂದು ಸಲ ವಿದ್ಯುತ್ ಮಿಡಿಯುತ್ತದೆ. ಬೇಲಿಯ ಹತ್ತಿರ ಡಿಟೆಕ್ಟರ್ ಹಿಡಿದರೆ ಕಾಯಿಲ್ ಅಲುಗಾಡಿಸದಿದ್ದರೂ ಟಕ್, ಟಕ್ ಎಂದು ಲಯಬದ್ಧವಾಗಿ ಕೂಗುತ್ತದೆ. ಯಂತ್ರ ಕೆಟ್ಟಿತೆಂದು ವಾಪಸ್ ಕಳಿಸಿದವರಿದ್ದಾರೆ. ಸೆನ್ಸಿಟಿವಿಟಿ ಇಳಿಸಿ, ಯಂತ್ರದಲ್ಲಿ ಫ್ರೀಕ್ವೆನ್ಸಿ ಸ್ವಲ್ಪ ಸರಿಸುವ ಸೌಲಭ್ಯವಿದ್ದರೆ ಸರಿಸಿ, ಆಗಲೂ ನಿಲ್ಲದಿದ್ದರೆ ದೂರ ಹೋಗಿ. ಹಗಲು ಬೇಲಿ ಆಫ್ ಮಾಡಬಹುದಾ ಎಂದು ತೋಟದವರನ್ನು ಕೇಳಬೇಕೇ ಹೊರತು ನೀವೇ ಮುಟ್ಟಬಾರದು.

ತೂಕ, ಬ್ಯಾಟರಿ, ಹೆಡ್‌ಫೋನ್

ಏರುತಗ್ಗಿನಲ್ಲಿ ಎರಡು ಗಂಟೆ ಬೀಸಿದರೆ ಒಂದೂಕಾಲು ಕಿಲೋ ಯಂತ್ರವೂ ಮೊಣಕೈಗೆ ಭಾರವೇ. ಕೊಳ್ಳುವಾಗ ಹತ್ತು ನಿಮಿಷ ಬೀಸಿ ನೋಡಿ. ಪೆನ್ಸಿಲ್ ಸೆಲ್ಲಿನ ಯಂತ್ರವಾದರೆ ಸೆಲ್ ಯಾವ ಅಂಗಡಿಯಲ್ಲೂ ಸಿಗುತ್ತದೆ, ರೀಚಾರ್ಜ್ ಮಾಡುವ ಸೆಲ್ ಎರಡು ಜೊತೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಒಳಗೇ ಬ್ಯಾಟರಿ ಇರುವುದು ಪವರ್‌ಬ್ಯಾಂಕಿನಿಂದ ಚಾರ್ಜ್ ಆಗುತ್ತದೆಯೇ ಕೇಳಿ. ಮಳೆಗಾಲದಲ್ಲಿ ಕರೆಂಟಿನ ಪಾಡು ನಿಮಗೇ ಗೊತ್ತು.

“ವಾಟರ್‌ಪ್ರೂಫ್” ಎಂದು ಬರೆದಿದ್ದರೆ ಯಾವ ಭಾಗ ಎಂದು ಕೇಳಿ. ಎಷ್ಟೋ ಯಂತ್ರಗಳಲ್ಲಿ ಕಾಯಿಲ್ ಮಾತ್ರ ನೀರು ತಡೆಯುತ್ತದೆ, ಮೇಲಿನ ಪೆಟ್ಟಿಗೆಗೆ ತುಂತುರು ಬಿದ್ದರೂ ಕೆಲಸ ಕೆಡುತ್ತದೆ. ಸಿಂಪ್ಲೆಕ್ಸ್ ಪ್ಲಸ್ 3 ಮೀಟರ್ ನೀರಿನವರೆಗೆ ತಡೆಯುತ್ತದೆ. ತೋಡಿನಲ್ಲಿ ಇಳಿಯದವರಿಗೂ ಬೆಳಗಿನ ಇಬ್ಬನಿಗೆ ಇದು ಬೇಕು.

ಹೆಡ್‌ಫೋನ್ ಹಾಕಿದರೆ ಆಳದ ಸಣ್ಣ ಸದ್ದು ಚೆನ್ನಾಗಿ ಕೇಳುತ್ತದೆ ಎನ್ನುವುದು ನಿಜ. ಸಿದ್ದಾಪುರ, ಮಾಲ್ದಾರೆ ಕಡೆಯ ತೋಟದಲ್ಲಿ ಎರಡೂ ಕಿವಿ ಮುಚ್ಚಿಕೊಂಡು ತಲೆ ತಗ್ಗಿಸಿ ನಡೆಯುವುದು ಮಾತ್ರ ಬೇಡವೇ ಬೇಡ. ಒಂದು ಕಿವಿ ಆನೆಗೆ ಬಿಡಿ. ಬೆಳ್ಳಂಬೆಳಿಗ್ಗೆ, ಸಂಜೆ ಹೋಗಬೇಡಿ. ಆನೆ ಬಂದ ಸುದ್ದಿ ಕಾರ್ಮಿಕರಿಗೆ, ರೈಟರಿಗೆ (ತೋಟದ ಲೆಕ್ಕ ನೋಡುವವರಿಗೆ) ಮೊದಲು ಗೊತ್ತಿರುತ್ತದೆ, ಗೇಟಿನಲ್ಲೇ ಕೇಳಿ.

ಯಂತ್ರದ ಜೊತೆ ಒಂದು ಪಿನ್‌ಪಾಯಿಂಟರ್ ಕೊಳ್ಳಿ, ದುಡ್ಡು ಸಾಲದಿದ್ದರೆ ಯಂತ್ರವನ್ನೇ ಒಂದು ಮೆಟ್ಟಿಲು ಕೆಳಗಿನದು ತಗೊಂಡರೂ ಸರಿ. ಕ್ಯಾರೆಟ್ ಗಾತ್ರದ ಈ ಕಡ್ಡಿ ಗುಂಡಿಯೊಳಗೆ ತುದಿಯಿಟ್ಟರೆ ಲೋಹ ಯಾವ ಮಗ್ಗುಲಲ್ಲಿದೆ ಎಂದು ನಡುಗಿ ತೋರಿಸುತ್ತದೆ. ಕೆಂಪು ಮಣ್ಣು ಮೆತ್ತಿದ ನಾಣ್ಯ ಕಣ್ಣಿಗೆ ಹೆಂಟೆಯಂತೆಯೇ ಕಾಣುತ್ತದೆ. ಪಿನ್‌ಪಾಯಿಂಟರ್ ಇದ್ದರೆ ಅಂಗೈ ಅಗಲ ಅಗೆದರೆ ಸಾಕು, ಇಲ್ಲದಿದ್ದರೆ ಮೊರದಗಲ. ಕಾಫಿಯ ಆಹಾರಬೇರು ಮೇಲಿನ ಒಂದಡಿ ಮಣ್ಣಿನಲ್ಲೇ ಹರಡಿರುತ್ತದೆ, ಗಿಡದ ನೆರಳಿನಡಿ ಗುದ್ದಲಿ ಹಾಕಿದರೆ ತೋಟದವರು ಮತ್ತೆ ಒಳಗೆ ಬಿಡುವುದಿಲ್ಲ, ಬಿಡಬಾರದು ಕೂಡ. ದಾರಿಯಲ್ಲಿ, ಕೊಯ್ಲಾದ ಗದ್ದೆಯಲ್ಲಿ, ಹಳೇ ಕಣದ ಬದಿಯಲ್ಲಿ ಹುಡುಕಿ. ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಗದ್ದೆ ಖಾಲಿ. ಹೂಮಳೆ ಬಿದ್ದು ಮಣ್ಣು ತುಸು ನೆನೆದಾಗ ಅಗೆಯುವುದೂ ಸುಲಭ. ಕಾಫಿ ಹೂ ಬಿಟ್ಟಿರುವಾಗ ಮಾತ್ರ ಗಿಡದ ಸಾಲಿನೊಳಗೆ ಹೋಗಿ ರೆಂಬೆ ಸವರಬೇಡಿ.

ಎಲ್ಲಿ ಹಿಡಿಯಬಾರದು

ಕೈಯಲ್ಲಿ ಕಡ್ಡಿ ಹಿಡಿದು ನೆಲ ನೋಡುತ್ತಾ ನಡೆದರೆ ಸಂಜೆಯೊಳಗೆ ಊರಿಗೆಲ್ಲ “ನಿಧಿ ಹುಡುಕ್ತಾನಂತೆ” ಅಂತ ಸುದ್ದಿ. ಆದ್ದರಿಂದ ಹಗಲಲ್ಲೇ ಹೋಗಿ, ಜಾಗದ ಒಡೆಯರಿಗೆ ಮೊದಲೇ ಹೇಳಿ, ಸಿಕ್ಕಿದ್ದನ್ನು ಅವರ ಮುಂದೆ ತೊಳೆದು ತೋರಿಸಿ. ಐನ್‌ಮನೆಯ (ಕೊಡವ ಮನೆತನದ ಮೂಲ ಮನೆಯ) ಜಾಗವಾದರೆ ಒಬ್ಬರ ಒಪ್ಪಿಗೆ ಸಾಲದು, ಒಕ್ಕದ, ಅಂದರೆ ಮನೆತನದ, ಹಿರಿಯರನ್ನು ಕೇಳಬೇಕು. ಒಪ್ಪಿದರೂ ಕೈಮಡ (ಹಿರಿಯರ ಗುಡಿ), ತೂಟಂಗಳದ (ಮನೆತನದ ಸ್ಮಶಾನದ) ಹತ್ತಿರ ಯಂತ್ರ ತರಬೇಡಿ. ದೇವರಕಾಡಂತೂ ಕೇಳುವುದೇ ಬೇಡ.

ಕಾನೂನು ಇನ್ನೂ ಖಡಕ್. ನೆಲದಲ್ಲಿ ಹೂತಿಟ್ಟ ಬೆಲೆಬಾಳುವ ವಸ್ತು ಸಿಕ್ಕರೆ ಅದು ತಾನಾಗಿ ಸಿಕ್ಕವನ ಸೊತ್ತಾಗುವುದಿಲ್ಲ. 1878ರಷ್ಟು ಹಿಂದೆಯೇ ಭಾರತದಲ್ಲಿ ಇದಕ್ಕೆ ನಿಧಿ ಕಾಯ್ದೆ ಬಂತು, ನಮ್ಮ ರಾಜ್ಯಕ್ಕೆ 1962ರ ಕಾಯ್ದೆಯಿದೆ, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳು 1972ರ ಪುರಾವಸ್ತು ಕಾಯ್ದೆಯಡಿ ಬರುತ್ತವೆ, ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಮಡಿಕೇರಿ ಕೋಟೆ, ಕೊಡಗಿನ ರಾಜರ ಗದ್ದಿಗೆ (ಸಮಾಧಿ), ನಾಲ್ಕುನಾಡು ಅರಮನೆ, ಮುಳ್ಳೂರಿನ ಬಸದಿಗಳ ಸುತ್ತಮುತ್ತ ಯಂತ್ರ ಚೀಲದಿಂದ ಹೊರಗೇ ಬರಬಾರದು. ಬಾಣೆಯಲ್ಲಿ ಅಲ್ಲಲ್ಲಿ ಕಾಣುವ ಹಳೇ ಕಲ್ಲುಗೋರಿಗಳನ್ನೂ ಮುಟ್ಟಬೇಡಿ. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯ ಅಂದಮೇಲೆ ಅರಣ್ಯ ಇಲಾಖೆಯ ಜೊತೆ ವಾದಿಸಿ ಗೆದ್ದವರಿಲ್ಲ.

ಇನ್ನೊಂದು ಜಾಗ ಕಾನೂನಿನ ಪುಸ್ತಕದಲ್ಲಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿ ಮನೆಗಳು ಹೋದವು. ಅಂಥ ಕಡೆ ಹವ್ಯಾಸಕ್ಕೆಂದು ಹೋಗಬೇಡಿ. ಮನೆ ಕಳಕೊಂಡವರೇ ಕರೆದರೆ ಹೋಗಿ, ಅವರು ನಿಂತಿರುವಾಗಲೇ ಹುಡುಕಿ. ಶೀಟು, ಸರಳು, ತಂತಿ ಬೆರೆತ ಮಣ್ಣಿನಲ್ಲಿ ಯಂತ್ರದ ಕೈಲಿ ಆಗುವುದು ಬಹಳ ಕಡಿಮೆ ಅಂತ ಮೊದಲೇ ಹೇಳಿಬಿಡಿ.

ಸೆಕೆಂಡ್ ಹ್ಯಾಂಡ್

ಕಡಿಮೆ ದುಡ್ಡಿಗೆ ಒಳ್ಳೆ ಯಂತ್ರ ಬೇಕೆಂದರೆ ಇದೇ ದಾರಿ, ಆಸೆಪಟ್ಟು ಕೊಂಡು ಮೂಲೆಗಿಟ್ಟವರು ಎಲ್ಲ ಊರಲ್ಲೂ ಇರುತ್ತಾರೆ. ನೋಡುವಾಗ ಬ್ಯಾಟರಿ ಮುಚ್ಚಳ ತೆಗೆದು ಹಸಿರು ಕಿಲುಬು ಇದೆಯಾ ನೋಡಿ. ಕಾಯಿಲ್ ಅಡಿಯ ಪ್ಲಾಸ್ಟಿಕ್ ಕವರ್ ಕಳಚಿ ಬಿರುಕು ನೋಡಿ, ಒಳಗೆ ಸೇರಿಕೊಂಡ ಕೆಂಪು ಮಣ್ಣನ್ನು ಉದುರಿಸಿ. ಯಂತ್ರ ಆನ್ ಮಾಡಿ, ಕಾಯಿಲನ್ನು ಅಲುಗದಂತೆ ಇಟ್ಟು, ವೈರು ಕಾಯಿಲಿಗೆ ಸೇರುವ ಬುಡವನ್ನು ಬೆರಳಲ್ಲಿ ಬಾಗಿಸಿ ನೋಡಿ. ಚಟಪಟ ಸದ್ದು ಬಂದರೆ ಒಳಗೆ ತಂತಿ ಹರಿಯುತ್ತಿದೆ ಎಂದರ್ಥ. ಹೊಸ ಕಾಯಿಲಿನ ಬೆಲೆ ಕೇಳಿಕೊಂಡು ಆಮೇಲೆ ಚೌಕಾಸಿ ಮಾಡಿ. ಹೆಸರಾಂತ ಕಂಪನಿಗಳ ನಕಲಿ ಯಂತ್ರಗಳು, ಅದರಲ್ಲೂ ಗ್ಯಾರೆಟ್ ಹೆಸರಿನವು, ಓಡಾಡುತ್ತಿವೆ. ಹಾಗಾಗಿ ಸೀರಿಯಲ್ ನಂಬರನ್ನು ಬಿಲ್ಲಿನ ಜೊತೆ ತಾಳೆ ನೋಡಿ. “ಬಿಲ್ ಎಲ್ಲೋ ಹೋಯ್ತು ಮಾರಾಯ್ರೆ” ಅಂದರೆ ಅವರ ಮನೆ ಕಾಫಿ ಕುಡಿದು ಎದ್ದು ಬನ್ನಿ.